ಮಾಮೊಯಾದಾದ ಕರಿ ಮುಖವಾಡ: ಮಗಳನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ಮೇಡಂ, ನಾವು ದಾವಣಗೆರೆಯವರು. ಮೂರು ವರ್ಷದಿಂದ ಇಟಲಿಯ ತೊರಿನೊದಲ್ಲಿದ್ದೇವೆ. ನಮ್ಮ ಯಜಮಾನರ ಜೊತೆ ಕೆಲಸ ಮಾಡುವವರೊಬ್ಬರು ಸಾರ್ಡಿನಿಯಾ ದ್ವೀಪದವರು. 2027ರ ಫೆಬ್ರವರಿಯಲ್ಲಿ ಕಾರ್ನಿವಲ್‌ಗೆ (ಕ್ರೈಸ್ತರ ಉಪವಾಸ ಶುರುವಾಗುವ ಮೊದಲಿನ ಹಬ್ಬ) ನಮ್ಮೂರ ಕಡೆ ಬನ್ನಿ, ಮಾಮೊಯಾದಾ ಹಳ್ಳಿಯ ಮಾಮುತೋನೆಸ್ ನೋಡಲೇಬೇಕು ಅಂತ ಕರೆದಿದ್ದಾರೆ. ವಿಡಿಯೊ ನೋಡಿದೆ. ಕರಿ ಮುಖವಾಡ, ಕರಿ ಕುರಿಚರ್ಮ, ಬೆನ್ನ ತುಂಬ ಗಂಟೆ ಹೊತ್ತವರು ತಲೆ ತಗ್ಗಿಸಿ ನಡೀತಾರೆ. ಪಕ್ಕದಲ್ಲಿ ಕೆಂಪು ಅಂಗಿಯವರು ಹಗ್ಗ ಹಿಡಿದಿರ್ತಾರೆ. ಇಲ್ಲಿನ ಪರಿಚಯದವರೊಬ್ಬರು, ‘ಅವರು ಸೆರೆ ಸಿಕ್ಕ ಆಫ್ರಿಕಾದ ಗುಲಾಮರು, ಗೆದ್ದವರು ಅವರನ್ನು ಮೆರವಣಿಗೆ ಮಾಡೋದು ಅದು’ ಅಂದುಬಿಟ್ಟರು. ಮಗಳಿಗೆ ಎಂಟು ವರ್ಷ. ಶಾಲೆಯಲ್ಲಿ ಅವಳ ಬಣ್ಣದ ಬಗ್ಗೆ ಒಂದೆರಡು ಸಲ ಮಾತು ಬಂದಿದೆ. ಅವಳು ಇದನ್ನು ನೋಡಿ ನೊಂದುಕೊಂಡರೆ? ಅತ್ತೆ ಬೇರೆ ಫೋನಲ್ಲಿ ‘ಅದ್ಯಾವುದೋ ದೆವ್ವದ ಪೂಜೆ, ಮಗೂನ ಕರ್ಕೊಂಡು ಹೋಗಬೇಡಿ’ ಅಂತಿದ್ದಾರೆ. ಹೆಂಗಸರ ಮೇಲೆ ಹಗ್ಗ ಎಸೀತಾರಂತೆ. ಮೇಲಾಗಿ ನಾವು ಸಸ್ಯಾಹಾರಿಗಳು. ಹೋಗೋದಾ, ಬೇಡ್ವಾ?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆ ಇವೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಒಂದೇ ಅಂತ ನನಗೆ ಅನಿಸುತ್ತದೆ. ಕರಿ ಮುಖದವರನ್ನು ಹಗ್ಗದವರು ನಡೆಸಿಕೊಂಡು ಹೋಗುವುದನ್ನು ನೋಡಿ ಮಗಳು ‘ಅಮ್ಮಾ, ಅವರು ಯಾರು?’ ಅಂತ ಕೇಳಿದರೆ ಏನು ಹೇಳಲಿ ಅನ್ನೋದು. ದೆವ್ವ, ಹಗ್ಗ, ಊಟ, ಇವಕ್ಕೆಲ್ಲ ಉತ್ತರ ಸುಲಭ. ಇದಕ್ಕೆ ಸ್ವಲ್ಪ ಹೊತ್ತು ಬೇಕು.

ಮೊದಲೇ ಹೇಳಿಬಿಡ್ತೀನಿ: ಹೋಗಿ. ಆದರೆ ಯಾವ ದಿನ, ಯಾವ ಊರು, ಎಲ್ಲಿ ನಿಲ್ಲಬೇಕು ಅನ್ನೋದನ್ನು ನೋಡಿಕೊಂಡು ಹೋಗಿ. ನಾನು ಜಾನಪದ ಓದಿದವಳು. ಸಾರ್ಡಿನಿಯಾದ ನಡುವಿನ ಗುಡ್ಡಗಾಡಿಗೆ ಬಾರ್ಬಾಜಾ ಅಂತ ಹೆಸರು. ಹನ್ನೆರಡು ವರ್ಷದಿಂದ ಚಳಿಗಾಲದಲ್ಲಿ ಅಲ್ಲಿಗೆ ಹೋಗಿ ಬರುತ್ತಿದ್ದೇನೆ. ಮೊದಮೊದಲು ಸಂಶೋಧನೆಗೆ, ಈಗ ಸಣ್ಣ ಗುಂಪುಗಳನ್ನು ಕರೆದುಕೊಂಡು. ನೀವು ಕೇಳಿದ ಪ್ರಶ್ನೆಯನ್ನೇ ಇಥಿಯೋಪಿಯಾ ಮೂಲದ ಒಬ್ಬ ತಾಯಿಯೂ ನನಗೆ ಕೇಳಿದ್ದರು. ಆಗ ನಾನು ಕೊಟ್ಟ ಉತ್ತರ ಅರ್ಧಂಬರ್ಧ ಆಗಿತ್ತು. ‘ಅಯ್ಯೋ, ಹಾಗೇನಿಲ್ಲ ಬಿಡಿ’ ಅಂದುಬಿಟ್ಟಿದ್ದೆ. ಹಾಗೆ ತಳ್ಳಿಹಾಕುವ ಪ್ರಶ್ನೆ ಇದಲ್ಲ.

ಗುಲಾಮರ ಕತೆಯನ್ನು ನಿಮ್ಮ ಪರಿಚಯದವರು ಕಟ್ಟಿದ್ದಲ್ಲ. ರಾಫಾಯೆಲ್ಲೊ ಮಾರ್ಕಿ ಎಂಬ ಸಾರ್ಡಿನಿಯಾದ ವಿದ್ವಾಂಸರು 20ನೇ ಶತಮಾನದ ನಡುವಿನಲ್ಲಿ ಈ ಮುಖವಾಡಗಳ ಬಗ್ಗೆ ಬರೆದರು. ಕಡಲಾಚೆಯಿಂದ ದಂಡೆತ್ತಿ ಬಂದ ‘ಮೂರ್’ ಎಂಬ ಉತ್ತರ ಆಫ್ರಿಕಾದ ಮುಸ್ಲಿಂ ಜನರನ್ನು ಬಾರ್ಬಾಜಾದ ಕುರಿಗಾಹಿಗಳು ಸೋಲಿಸಿ, ಸೆರೆಹಿಡಿದು ಮೆರವಣಿಗೆ ಮಾಡಿದ ನೆನಪು ಇದರಲ್ಲಿ ಇರಬಹುದು ಅನ್ನೋದು ಅವರ ಊಹೆ. ತಲೆ ತಗ್ಗಿಸಿದವರು ಸೋತವರು, ಹಗ್ಗದವರು ಗೆದ್ದವರು. ಕೇಳೋಕೆ ಸರಿಯಾಗಿ ಕೂರುತ್ತದೆ. ಅದಕ್ಕೇ ಪ್ರವಾಸಿ ಕೈಪಿಡಿಗಳಿಗೆ, ಅಲ್ಲಿಂದ ಜನರ ಬಾಯಿಗೆ ಹೋಯಿತು. ಬಾಯಿಂದ ಬಾಯಿಗೆ ಹೋಗುವಾಗ ‘ಇರಬಹುದು’ ಕಳಚಿ ಬಿತ್ತು.

ನನಗೆ ಆ ಊಹೆ ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳ್ತೀನಿ.

ಮಾಮುತೋನೆ ಬೆನ್ನ ಮೇಲೆ ಏನಿದೆ? ಗಂಟೆ. ಗಂಟೆ ಕಟ್ಟುವುದು ಯಾರಿಗೆ? ದನಕ್ಕೆ, ಕುರಿಗೆ, ಮೇಕೆಗೆ. ಸೆರೆಯಾಳಿಗೆ ಬೇಡಿ ಹಾಕ್ತಾರೆ, ಗಂಟೆ ಕಟ್ಟಲ್ಲ. ಮೈಮೇಲೆ ಕುರಿಯ ಚರ್ಮ ಬೇರೆ. ಸಾರ್ಡಿನಿಯಾದಲ್ಲಿ ಇರುವ ಜನ ಸುಮಾರು 16 ಲಕ್ಷ, ಕುರಿಗಳು ಸುಮಾರು 30 ಲಕ್ಷ. ಅಂಥ ನಾಡಿನಲ್ಲಿ ಒಬ್ಬ ಕುರಿಚರ್ಮ ಹೊದ್ದು, ಗಂಟೆ ಕಟ್ಟಿಕೊಂಡು, ತಲೆ ತಗ್ಗಿಸಿ ನಡೆದರೆ ಮೊದಲು ನೆನಪಾಗಬೇಕಾದ್ದು ಪ್ರಾಣಿ ಅಲ್ವಾ?

ಇನ್ನು ಕೆಂಪು ಅಂಗಿಯವರು. ಅವರ ಹೆಸರು ಇಸ್ಸೊಹದೋರೆಸ್. ‘ಸೋಹಾ’ ಅಂದರೆ ಹಗ್ಗ, ಹಗ್ಗ ಬೀಸುವವರು ಅಂತ ಅರ್ಥ. ಅವರು ಗೆದ್ದ ಊರವರು ಅನ್ನುವುದಾದರೆ ಒಂದು ತೊಡಕಿದೆ. ಆ ಕೆಂಪು ವೇಷವನ್ನು ಊರವರು ಮೊದಲಿನಿಂದ ಕರೆಯುವುದೇ ‘ತುರ್ಕಿಯವನ ಉಡುಪು’ ಅಂತ! ಹಾಗಾದರೆ ಸೆರೆಹಿಡಿದವರು ಯಾರು, ಸಿಕ್ಕವರು ಯಾರು? ಕತೆ ಅಲ್ಲಿಗೇ ತಲೆಕೆಳಗಾಗುತ್ತದೆ.

ಚರಿತ್ರೆಯೂ ಆ ಊಹೆಗೆ ಕೈಕೊಡುತ್ತದೆ. ಉತ್ತರ ಆಫ್ರಿಕಾದ ಕಡಲ್ಗಳ್ಳರು ಸಾರ್ಡಿನಿಯಾಕ್ಕೆ ಬರುತ್ತಿದ್ದುದು ನಿಜ. ಅವರಿಗೆ ಹೆದರಿ ಕರಾವಳಿ ಉದ್ದಕ್ಕೂ ಕಾವಲು ಗೋಪುರ ಕಟ್ಟಿದ್ದರು, ಇವತ್ತಿಗೂ ನಿಂತಿವೆ. ಆದರೆ ಹೆಚ್ಚಾಗಿ ಸೆರೆ ಹೋದವರು ದ್ವೀಪದ ಜನರೇ. 1798ರಲ್ಲಿ ಕಾರ್ಲೊಫೋರ್ತೆ ಎಂಬ ಪಟ್ಟಣದಿಂದ 900ಕ್ಕೂ ಹೆಚ್ಚು ಜನರನ್ನು ಹಿಡಿದು ಟ್ಯೂನಿಸ್‌ಗೆ ಗುಲಾಮರಾಗಿ ಒಯ್ದರು. ಮಾಮೊಯಾದಾ ಆ ಕಡಲಿನಿಂದ ದೂರ, 600 ಮೀಟರಿಗೂ ಎತ್ತರದ ಗುಡ್ಡದಲ್ಲಿದೆ.

ಇದಕ್ಕಿಂತ ಗಟ್ಟಿ ಸಾಕ್ಷಿ ಪಕ್ಕದ ಊರುಗಳಲ್ಲಿದೆ. ಒಂದೇ ಊರನ್ನು ನೋಡಿ ತೀರ್ಮಾನ ಮಾಡೋದು ನಮ್ಮ ಕಸುಬಿನಲ್ಲಿ ಮೊದಲ ತಪ್ಪು. ಒತ್ತಾನಾ ಅನ್ನೋ ಹಳ್ಳಿಗೆ ಹೋಗಿ. ಅಲ್ಲಿ ‘ಬೋಯೆಸ್’ ಬರ್ತಾರೆ, ಅಂದರೆ ಎತ್ತುಗಳು. ಕೊಂಬಿರುವ ಮರದ ಮುಖವಾಡ, ಹಣೆ ಮೇಲೆ ಕೆತ್ತಿದ ನಕ್ಷತ್ರ. ಅವರ ಹಿಂದೆ ಹಗ್ಗ ಹಿಡಿದು ‘ಮೆರ್ದೂಲೆ’ ಬರ್ತಾನೆ, ಗೂನು ಬೆನ್ನಿನ ಮುದುಕ, ದನಗಾಹಿ. ಎತ್ತು ರಂಪ ಮಾಡುತ್ತದೆ, ನೆಲಕ್ಕೆ ಬಿದ್ದು ಹೊರಳುತ್ತದೆ, ಮುದುಕ ಕೋಲಿಂದ ಬಡಿದು ಎಬ್ಬಿಸುತ್ತಾನೆ. ಇಲ್ಲಿ ಯಾವ ಮೂರ್ ಜನರೂ ಇಲ್ಲ, ಯುದ್ಧವೂ ಇಲ್ಲ. ಒರೊತೆಲ್ಲಿ ಎಂಬ ಇನ್ನೊಂದು ಊರಲ್ಲಿ ‘ತುರ್ಪೋಸ್’ ಇದ್ದಾರೆ. ಕುರುಡರು ಅಂತ ಅರ್ಥ. ನಮ್ಮ ಕಂಬಳಿಯಂಥ ಒರಟು ಉಣ್ಣೆಯ ಉದ್ದ ಮೇಲಂಗಿ, ಮುಖಕ್ಕೆ ಮಸಿ. ಇಬ್ಬರು ಜೋಡೆತ್ತಾಗಿ ನಡೆಯುತ್ತಾರೆ, ಹಿಂದೊಬ್ಬ ರೈತ ಅವರನ್ನು ಹೊಡೆದುಕೊಂಡು ಹೋಗುತ್ತಾನೆ. ಇಲ್ಲೊಂದು ವಿಷಯ ಗಮನಿಸಿ: ಎತ್ತಿನ ಮುಖವೂ ಕಪ್ಪು, ರೈತನ ಮುಖವೂ ಕಪ್ಪು. ಅಲ್ಲಿ ಕಪ್ಪು ಅನ್ನೋದು ಸೋತವನ ಗುರುತಲ್ಲ.

ಇಟಲಿ ದಾಟಿ ಹೋದರೂ ಇದೇ. ಬಲ್ಗೇರಿಯಾದ ಕುಕೇರಿ, ಸ್ಲೊವೇನಿಯಾದ ಕುರೆಂಟ್, ಇವರೂ ಚಳಿಗಾಲ ಮುಗಿಯುವ ಹೊತ್ತಿಗೆ ತುಪ್ಪಳದ ಚರ್ಮ ಹೊದ್ದು, ಸೊಂಟಕ್ಕೆ ಗಂಟೆ ಕಟ್ಟಿ ಬೀದಿಗೆ ಇಳಿಯುತ್ತಾರೆ. ಚಳಿಯನ್ನು ಓಡಿಸೋದು, ನೆಲವನ್ನು ಎಬ್ಬಿಸೋದು ಅಂತ ಅಲ್ಲಿನವರು ಹೇಳುತ್ತಾರೆ.

ಹಾಗಾದರೆ ಕಪ್ಪು ಎಲ್ಲಿಂದ ಬಂತು? ಕೈಗೆ ಸಿಗುವ ವಸ್ತುವಿನಿಂದ. ಸಾರ್ಡಿನಿಯಾ ಕಾರ್ಕ್ ಮರದ ನಾಡು. ಅದರ ತೊಗಟೆಯ ತುಂಡೊಂದನ್ನು ಬೆಂಕಿಗೆ ಹಿಡಿದರೆ ನುಣ್ಣನೆ ಮಸಿ ಸಿಗುತ್ತದೆ. ಬಡ ಕುರಿಗಾಹಿಗೆ ಗುರುತು ಮರೆಸಿಕೊಳ್ಳೋಕೆ ಅದಕ್ಕಿಂತ ಅಗ್ಗದ ಬಣ್ಣ ಯಾವುದಿದೆ? ಮಾಮೊಯಾದಾದ ಮುಖವಾಡಕ್ಕೆ ಅಲ್ಲಿ ‘ವಿಸೆರಾ’ ಅಂತಾರೆ. ಕಾಡು ಪಿಯರ್, ಅಂಜೂರ, ಆಲ್ಡರ್, ಹೀಗೆ ಸಿಕ್ಕ ಮರದಲ್ಲಿ ಕೆತ್ತಿ ಕಪ್ಪು ಮಾಡ್ತಾರೆ. ಆ ಮುಖ ಯಾವ ಜನಾಂಗದವರ ಹಾಗೂ ಇಲ್ಲ. ಎದ್ದ ಕೆನ್ನೆ, ಉದ್ದ ಮೂಗು, ಮುಂದಕ್ಕೆ ಚಾಚಿದ ಗಲ್ಲ. ನೋವಿನಲ್ಲಿರುವ ಮುಖ ಅದು. ಸಿಟ್ಟಿನ ಮುಖವಲ್ಲ, ನಗಿಸುವ ಮುಖ ಅಂತೂ ಅಲ್ಲವೇ ಅಲ್ಲ. ಬಣ್ಣದವರನ್ನು ಆಡಿಕೊಳ್ಳುವ ವೇಷ ನಾನು ಯುರೋಪಿನ ಬೇರೆ ಕಡೆ ನೋಡಿದ್ದೇನೆ. ಅಲ್ಲಿ ದಪ್ಪ ಕೆಂಪು ತುಟಿ ಬಳಿದಿರ್ತಾರೆ, ಜನ ನಗ್ತಿರ್ತಾರೆ. ಮಾಮುತೋನೆಸ್ ಬಂದಾಗ ಯಾರೂ ನಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಎರಡು ಮಾತು ಮುಚ್ಚಿಡಬಾರದು. ಒಂದು, ಇಸ್ಸೊಹದೋರೆಗಳಲ್ಲಿ ಕೆಲವರು ಬರಿ ಮುಖದಲ್ಲಿ ಬಂದರೆ, ಕೆಲವರು ಬಿಳಿ ಮುಖವಾಡ ಹಾಕುತ್ತಾರೆ. ಕರಿ ಮುಖ ಬಗ್ಗಿ ನಡೆಯುತ್ತಿದ್ದು, ಪಕ್ಕದಲ್ಲಿ ಬಿಳಿ ಮುಖ ಹಗ್ಗ ಹಿಡಿದಿದ್ದರೆ ನೋಡಿದವರಿಗೆ ಬೇರೆ ಅರ್ಥ ಹೊಳೆಯುವುದು ಸಹಜ. ನಿಮಗೆ ಹಾಗನಿಸಿದ್ದು ತಪ್ಪಲ್ಲ. ಎರಡು, ವಿಮಾನ ನಿಲ್ದಾಣದಿಂದ ಬೇಕರಿ ತನಕ ಎಲ್ಲ ಕಡೆ ಸಾರ್ಡಿನಿಯಾದ ಬಾವುಟ ಕಾಣುತ್ತದೆ. ಬಿಳಿ ಬಟ್ಟೆ, ಕೆಂಪು ಶಿಲುಬೆ, ನಾಲ್ಕು ಮೂಲೆಯಲ್ಲಿ ನಾಲ್ಕು ಕಪ್ಪು ತಲೆ. ಅವು ನಿಜಕ್ಕೂ ಮೂರ್ ಜನರ ತಲೆಗಳೇ. ಸ್ಪೇನಿನ ಅರಗಾನ್ ರಾಜರ ಲಾಂಛನವಾಗಿ ಬಂದದ್ದು, ಯುದ್ಧ ಗೆದ್ದ ಕತೆಯೊಂದು ಅದಕ್ಕೆ ಅಂಟಿಕೊಂಡಿದೆ. ಹಿಂದೆ ಆ ತಲೆಗಳ ಪಟ್ಟಿ ಕಣ್ಣಿನ ಮೇಲಿತ್ತು. 1999ರಲ್ಲಿ ಅಲ್ಲಿನ ಸರ್ಕಾರ ಕಾನೂನು ಮಾಡಿ ಪಟ್ಟಿಯನ್ನು ಹಣೆಗೆ ಏರಿಸಿ, ಕಣ್ಣು ತೆರೆಸಿತು. ಮಗಳು ಮೊದಲು ಕೇಳುವುದು ಬಹುಶಃ ಮುಖವಾಡದ ಬಗ್ಗೆ ಅಲ್ಲ, ಈ ಬಾವುಟದ ಬಗ್ಗೆಯೇ. ಇದಕ್ಕೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹಳೇ ರಾಜರ ಗುರುತು, ಈಗಿನವರು ಅದನ್ನು ತಮ್ಮ ಮುಖ ಅಂತಲೇ ಪ್ರೀತಿಯಿಂದ ಇಟ್ಟುಕೊಂಡಿದ್ದಾರೆ ಅಂತ.

ಈಗ ಅತ್ತೆಯವರ ಮಾತಿಗೆ ಬರೋಣ. ದೆವ್ವದ ಪೂಜೆ ಅಲ್ಲ. ಕರಾವಳಿಯ ಭೂತಕೋಲದ ಹಾಗೆ ಇರಬಹುದು ಅಂತ ಅವರು ಅಂದುಕೊಂಡಿರಬಹುದು. ಹೋಲಿಕೆ ವೇಷದ ಮಟ್ಟಿಗೆ ಸರಿ. ಕೋಲದಲ್ಲಿ ದೈವ ಮೈಮೇಲೆ ಬರುತ್ತದೆ, ಮಾತಾಡುತ್ತದೆ, ನ್ಯಾಯ ಹೇಳುತ್ತದೆ. ಮಾಮುತೋನೆ ಮೇಲೆ ಯಾರೂ ಬರುವುದಿಲ್ಲ. ಅವನು ಬಾಯಿ ಬಿಡುವುದೂ ಇಲ್ಲ. ಅವನ ಮಾತೆಲ್ಲ ಗಂಟೆಯಲ್ಲಿ.

ಹಾಗಂತ ಇದಕ್ಕೂ ದೇವರಿಗೂ ಸಂಬಂಧ ಇಲ್ಲ ಅನ್ನಲಾಗದು. ವರ್ಷದಲ್ಲಿ ಮಾಮುತೋನೆಸ್ ಮೊದಲು ಹೊರಬರುವುದು ಜನವರಿ 17ರಂದು, ಸಂತ ಅಂತೋನಿಯೋ ಹಬ್ಬಕ್ಕೆ. ಹಿಂದಿನ ಸಂಜೆ ಪಾದ್ರಿ ಬಂದು ದೊಡ್ಡ ಬೆಂಕಿಯನ್ನು ಆಶೀರ್ವದಿಸುತ್ತಾರೆ. ಅದರ ಕೊಳ್ಳಿಯಿಂದ ಕೇರಿ ಕೇರಿಯಲ್ಲಿ ಬೆಂಕಿ ಹೊತ್ತಿಕೊಳ್ಳುತ್ತದೆ. ಆ ಸಂತನ ಬಗ್ಗೆ ಅಲ್ಲಿನವರು ಹೇಳುವ ಕತೆ ನನಗೆ ತುಂಬಾ ಇಷ್ಟ. ಲೋಕದಲ್ಲಿ ಬೆಂಕಿಯೇ ಇರಲಿಲ್ಲವಂತೆ. ಸಂತ ತನ್ನ ಹಂದಿಮರಿ ಜೊತೆ ನರಕದ ಬಾಗಿಲಿಗೆ ಹೋದನಂತೆ. ಹಂದಿಮರಿ ಒಳಗೆ ನುಗ್ಗಿ ದಾಂಧಲೆ ಎಬ್ಬಿಸಿತು. ಅದನ್ನು ಹಿಡಿಯೋ ನೆಪದಲ್ಲಿ ಸಂತ ಒಳಗೆ ಹೋಗಿ, ತನ್ನ ಕೋಲಿನ ತುದಿಗೆ ಗುಟ್ಟಾಗಿ ಕಿಡಿ ತಗುಲಿಸಿಕೊಂಡು ಬಂದ. ಆ ಕೋಲು ಫೆರುಲಾ ಅನ್ನೋ ಗಿಡದ್ದು. ಹೊರಗೆ ಹಸಿರಾಗೇ ಕಾಣುತ್ತದೆ, ಒಳಗಿನ ತಿರುಳು ಮಾತ್ರ ಸದ್ದಿಲ್ಲದೆ ಉರಿಯುತ್ತಿರುತ್ತದೆ. ಅತ್ತೆಗೆ ಈ ಕತೆ ಹೇಳಿ, ಒಪ್ಪಿದರೂ ಒಪ್ಪಿಯಾರು.

ಇನ್ನೊಂದು ಕಡೆಯಿಂದ ‘ಇದು ಮೂರು ಸಾವಿರ ವರ್ಷದ ಆಚರಣೆ, ಗ್ರೀಕರ ಡಯೊನಿಸಸ್ ದೇವರ ಪೂಜೆ’ ಅನ್ನುವವರೂ ಸಿಗುತ್ತಾರೆ. ಗೈಡುಗಳಿಗೆ ಈ ಮಾತು ಬಹಳ ಪ್ರಿಯ. ಬಾರ್ಬಾಜಾಕ್ಕೆ ಕ್ರೈಸ್ತ ಧರ್ಮ ತಡವಾಗಿ ಬಂತು ಅನ್ನೋದು ನಿಜ. 594ರಲ್ಲಿ ಪೋಪ್ ಗ್ರೆಗೊರಿ ಅಲ್ಲಿನ ನಾಯಕ ಓಸ್ಪಿತೊನಿಗೆ ಬರೆದ ಕಾಗದ ಉಳಿದಿದೆ. ನಿನ್ನ ಜನ ಇನ್ನೂ ಮರ, ಕಲ್ಲು ಪೂಜೆ ಮಾಡ್ತಿದ್ದಾರೆ ಅಂತ ಅದರಲ್ಲಿ ಬೈಗುಳವಿದೆ. ಆದರೆ ಆ ಕಾಗದದಲ್ಲಿ ಮುಖವಾಡದ ಮಾತಿಲ್ಲ. ಅಲ್ಲಿಂದ ಇಲ್ಲಿಗೆ ನೇರ ಗೆರೆ ಎಳೆಯೋದು ಆಸೆಯೇ ಹೊರತು ಆಧಾರವಲ್ಲ. ಮನುಷ್ಯನೂ ಪ್ರಾಣಿಯೂ ಒಂದೇ ಚರ್ಮದೊಳಗೆ ಇರುವ ಆಟ ಇದು, ಕುರಿಗಾಹಿಗಳ ಆಟ ಅನ್ನೋದು ನನ್ನ ಲೆಕ್ಕ. ಮೊದಲ ವರ್ಷ ಊರಿನ ಹಿರಿಯರೊಬ್ಬರ ಹತ್ತಿರ ನೋಟ್‌ಬುಕ್ ಹಿಡಿದು ‘ಇದರ ಅರ್ಥ ಏನು?’ ಅಂತ ಕೇಳಿದ್ದೆ. ಅವರು ಉತ್ತರ ಹೇಳದೆ ನನ್ನ ಲೋಟಕ್ಕೆ ಇನ್ನಷ್ಟು ವೈನ್ ಹುಯ್ದರು. ಆಮೇಲೆ ನಾನು ಆ ಪ್ರಶ್ನೆ ಕೇಳುವುದನ್ನು ಬಿಟ್ಟೆ.

ಮಗಳ ವಿಷಯದಲ್ಲಿ ನನ್ನ ಒಂದೇ ಸಲಹೆ: ಮೆರವಣಿಗೆಯನ್ನು ನೇರವಾಗಿ ತೋರಿಸಬೇಡಿ. ಮೊದಲು ವೇಷ ಕಟ್ಟುವುದನ್ನು ತೋರಿಸಿ.

ಅದು ಯಾವುದಾದರೂ ಅಂಗಳದಲ್ಲಿ, ಮೆರವಣಿಗೆಗೆ ಗಂಟೆ ಎರಡು ಗಂಟೆ ಮುಂಚೆ ನಡೆಯುತ್ತದೆ. ಕಂದು ಬಣ್ಣದ ಕಾರ್ಡುರಾಯ್ ಪ್ಯಾಂಟ್ ಹಾಕಿದ ಯುವಕ, ನಿನ್ನೆ ಬ್ಯಾಂಕಿನಲ್ಲೋ ಗ್ಯಾರೇಜಿನಲ್ಲೋ ಕೆಲಸ ಮಾಡಿದವನು, ಕೈ ಅಗಲಿಸಿ ನಿಂತಿರುತ್ತಾನೆ. ಮೊದಲು ಕರಿ ಕುರಿಚರ್ಮ. ಆಮೇಲೆ ಗಂಟೆಯ ಹೊರೆ. ‘ಕಾರ್ರಿಗಾ’ ಅಂತಾರೆ ಅದಕ್ಕೆ. ಚಿಕ್ಕದು, ದೊಡ್ಡದು, ಒಂದರ ಪಕ್ಕ ಒಂದು, ಚರ್ಮದ ಪಟ್ಟಿಯಲ್ಲಿ ಬಿಗಿದದ್ದು. ಎಲ್ಲ ಸೇರಿ 30 ಕಿಲೋ ಹತ್ತಿರ ಬರುತ್ತದೆ. ಇಬ್ಬರು ಬೇಕು ಅದನ್ನು ಕಟ್ಟೋಕೆ. ಒಬ್ಬ ಹಿಂದಿನಿಂದ ಮೊಣಕಾಲು ಒತ್ತಿ ಪಟ್ಟಿ ಎಳೆಯುತ್ತಾನೆ, ಇನ್ನೊಬ್ಬ ಮುಂದೆ ಗಂಟು ಹಾಕುತ್ತಾನೆ. ಆ ಹುಡುಗ ಉಸಿರು ಹೊರಗೆ ಬಿಡುತ್ತಾನೆ, ಅವರು ಇನ್ನೊಂದು ಬೆರಳಷ್ಟು ಬಿಗಿಯುತ್ತಾರೆ. ಸಡಿಲ ಬಿಟ್ಟರೆ ಗಂಟೆಗಳು ತಮಗೆ ತೋಚಿದ ಹಾಗೆ ಬಡಿದುಕೊಳ್ಳುತ್ತವೆ, ತಾಳ ಕೆಡುತ್ತದೆ. ಬಿಗಿದರೆ ಪೂರ್ತಿ ಉಸಿರು ತೆಗೆದುಕೊಳ್ಳೋಕೆ ಆಗಲ್ಲ. ಮೂರು ನಾಲ್ಕು ಗಂಟೆ ಹಾಗೇ ನಡೀಬೇಕು. ತಲೆಗೆ ಟೋಪಿ, ಮುಖಕ್ಕೆ ವಿಸೆರಾ, ಅದರ ಸುತ್ತ ಹೆಂಗಸರ ಕಂದು ತಲೆವಸ್ತ್ರ ಗಲ್ಲದ ಕೆಳಗೆ ಗಂಟು. ತಲೆವಸ್ತ್ರದ ಗಂಟು ಬಿದ್ದ ಕ್ಷಣ ಆ ಹುಡುಗ ಇರುವುದಿಲ್ಲ. ಎದುರಿಗೆ ಮಾಮುತೋನೆ ನಿಂತಿರುತ್ತಾನೆ.

ನಿಮ್ಮ ಮಗಳು ಇದನ್ನು ನೋಡಿದ್ದರೆ, ಬೀದಿಯಲ್ಲಿ ಕರಿ ಮುಖ ಬಂದಾಗ ಅವಳಿಗೆ ಕಾಣುವುದು ಗುಲಾಮನಲ್ಲ. ಉಸಿರು ಬಿಗಿಹಿಡಿದು ನಿಂತಿದ್ದ ಆ ಅಣ್ಣ. ಅಂಗಳದಲ್ಲಿ ಫ್ಲ್ಯಾಶ್ ಹಾಕಿ ಫೋಟೊ ತೆಗೀಬೇಡಿ. ನಾನು ಒಮ್ಮೆ ತೆಗೆದು, ಗೇಟಿನ ಹೊರಗೆ ನಿಲ್ಲಬೇಕಾಯಿತು. ತಪ್ಪು ನನ್ನದೇ. ನಿಮ್ಮ ಆತಿಥೇಯರಿಗೆ ಮೊದಲೇ ಹೇಳಿಟ್ಟರೆ ಒಳಗೆ ಕರೆದುಕೊಂಡು ಹೋಗುವವರನ್ನು ಅವರೇ ಹುಡುಕುತ್ತಾರೆ. ಮಾಮೊಯಾದಾದಲ್ಲಿ ಮೆಡಿಟರೇನಿಯನ್ ಮುಖವಾಡಗಳ ವಸ್ತುಸಂಗ್ರಹಾಲಯವೂ ಇದೆ. ಬೆಳಿಗ್ಗೆ ಅಲ್ಲಿಗೆ, ಮಧ್ಯಾಹ್ನ ಅಂಗಳಕ್ಕೆ, ಸಂಜೆ ಬೀದಿಗೆ. ಈ ಕ್ರಮ ತಪ್ಪಿಸಬೇಡಿ.

ಶಬ್ದದ ಬಗ್ಗೆ ಒಂದು ಮಾತು. 12 ಜನ ಎರಡು ಸಾಲಿನಲ್ಲಿ ಬರ್ತಾರೆ. ನಡಿಗೆಯಲ್ಲ ಅದು. ಒಂದು ಭುಜ ಮುಂದೆ ಮಾಡಿ ಎಲ್ಲರೂ ಒಟ್ಟಿಗೆ ಮೈ ಕೊಡವುತ್ತಾರೆ, ಆಮೇಲೆ ಇನ್ನೊಂದು ಭುಜ. ಕಿರಿದಾದ ಓಣಿಯಲ್ಲಿ ಕಲ್ಲಿನ ಗೋಡೆಗಳ ನಡುವೆ ಅದು ಕಿವಿಗಿಂತ ಎದೆಗೆ ಬಡಿಯುತ್ತದೆ. ಮಗುವಿಗೆ ಕಿವಿ ಮುಚ್ಚುವ ಹೆಡ್‌ಫೋನ್ ಒಯ್ಯಿರಿ. ಓಣಿ ಬೇಡ, ಚೌಕದಲ್ಲಿ ನಿಲ್ಲಿ.

ಹಗ್ಗದ ಚಿಂತೆ ಸಣ್ಣದು. ಇಸ್ಸೊಹದೋರೆ ಜೊಂಡಿನ ಹಗ್ಗ ಬೀಸಿ ನೋಡುವವರನ್ನು ಹಿಡಿಯುತ್ತಾನೆ, ಹೆಚ್ಚಾಗಿ ಹೆಂಗಸರನ್ನು. ಹಿಂದೆ ಹೊಲ, ತೋಟದ ಯಜಮಾನರನ್ನೂ ಹಿಡಿಯುತ್ತಿದ್ದರು. ಸಿಕ್ಕವರು ವೈನ್, ಸಿಹಿ ಕೊಟ್ಟು ಬಿಡಿಸಿಕೊಳ್ಳುತ್ತಿದ್ದರು. ಹಗ್ಗಕ್ಕೆ ಸಿಕ್ಕರೆ ಒಳ್ಳೇದಾಗುತ್ತೆ ಅಂತ ನಂಬಿಕೆ. ಈಗ ಸಿಕ್ಕವರನ್ನು ನಗುತ್ತಾ ಹತ್ತಿರ ಎಳೆದು ಶುಭ ಹಾರೈಸಿ ಬಿಡ್ತಾರೆ. ಕೆನ್ನೆಗೆ ಮುತ್ತು ಕೊಡೋಕೆ ಬರುವುದೂ ಉಂಟು, ಅದು ಇಟಲಿ, ನಿಮಗೆ ಗೊತ್ತಲ್ಲ. ಬೇಡ ಅನಿಸಿದರೆ ಎರಡನೇ ಸಾಲಿನಲ್ಲಿ ನಿಲ್ಲಿ, ಕಣ್ಣು ಕೂಡಿದಾಗ ಕೈ ಆಡಿಸಿ. ನಾನು ಕಂಡ ಮಟ್ಟಿಗೆ ಅಷ್ಟಕ್ಕೇ ಅವರು ಬೇರೆ ಕಡೆ ತಿರುಗುತ್ತಾರೆ. ಕೈ ಮುಗಿದರಂತೂ ಅವರೂ ಕೈ ಮುಗಿಯುತ್ತಾರೆ.

ಯಾವ ದಿನ ಹೋಗಬೇಕು ಅನ್ನೋದು ಮುಖ್ಯ. 2027ರಲ್ಲಿ ಕಾರ್ನಿವಲ್ ಭಾನುವಾರ ಫೆಬ್ರವರಿ 7ಕ್ಕೆ, ಮಂಗಳವಾರ 9ಕ್ಕೆ. ಈ ಎರಡೂ ದಿನ ಮಾಮೊಯಾದಾದಲ್ಲಿ ಮೆರವಣಿಗೆ. ಭಾನುವಾರ ಜನ ಜಾಸ್ತಿ, ಬಸ್ಸುಗಳಲ್ಲಿ ಬಂದಿರ್ತಾರೆ, ಎತ್ತರದ ಕ್ಯಾಮೆರಾಗಳ ಹಿಂದೆ ನಿಮ್ಮ ಮಗಳಿಗೆ ಏನೂ ಕಾಣಲ್ಲ. ನಾನಾದರೆ ಮಂಗಳವಾರ ಆರಿಸ್ತೀನಿ. ಆ ಸಂಜೆ ಜುವಾನ್ನೆ ಮಾರ್ತಿಸ್ ಅನ್ನೋ ಗೊಂಬೆಯನ್ನು ಗಾಡಿಯಲ್ಲಿ ಹಾಕಿಕೊಂಡು, ‘ಅಯ್ಯೋ ಹೋದೆಯಾ’ ಅಂತ ಗಂಡಸರು ಸುಳ್ಳು ಅಳು ಅಳುತ್ತಾ ಬೀದಿ ಸುತ್ತುತ್ತಾರೆ. ಕಾರ್ನಿವಲ್ ಸತ್ತಿತು ಅಂತ ಅರ್ಥ. ಮಕ್ಕಳಿಗೆ ಬಲು ಖುಷಿ. ರಜೆ ಹೊಂದಿದರೆ ಜನವರಿ 16, 17 ಇನ್ನೂ ಚೆನ್ನ. ಆ ವರ್ಷ ಅದು ಶನಿವಾರ, ಭಾನುವಾರ. ಬೆಂಕಿ ಸುತ್ತ ಊರವರ ಜೊತೆ ನಿಲ್ಲಬಹುದು. ಚಳಿ ಮಾತ್ರ ಮೂಳೆಗೆ ಇಳಿಯುತ್ತದೆ, ಹಿಮ ಬಿದ್ದರೆ ರಸ್ತೆ ಕಷ್ಟ.

ಲೂಲಾ ಅನ್ನೋ ಊರಿಗೆ ಈ ಸಲ ಬೇಡ. ಅಲ್ಲಿನ ‘ಬತ್ತಿಲೆದ್ದು’ ಬಲಿಯ ವೇಷ. ಮುಖಕ್ಕೆ ಮಸಿ, ರಕ್ತ. ಹೊಟ್ಟೆಗೆ ಕಟ್ಟಿದ ಪ್ರಾಣಿಯ ಜಠರದಲ್ಲಿ ನಿಜವಾದ ರಕ್ತ ತುಂಬಿರುತ್ತಾರೆ, ನಡುನಡುವೆ ಅದನ್ನು ಚುಚ್ಚುತ್ತಾರೆ. ನನ್ನಂಥವರಿಗೆ ಅದು ಬಹಳ ದೊಡ್ಡ ವಿಷಯ. ಎಂಟು ವರ್ಷದ ಸಸ್ಯಾಹಾರಿ ಮಗುವಿಗೆ ಖಂಡಿತ ಅಲ್ಲ.

ಬದಲಿಗೆ ಇನ್ನೊಂದು ದಿನ ಉಳಿಯಲು ಆದರೆ, ಬುಧವಾರ 10ಕ್ಕೆ ಒವೊದ್ದಾಗೆ ಹೋಗಿ. ಇಡೀ ಕ್ರೈಸ್ತ ಲೋಕಕ್ಕೆ ಅದು ಬೂದಿ ಬುಧವಾರ, ಉಪವಾಸ ಶುರುವಾಗುವ ದಿನ. ಒವೊದ್ದಾದವರು ಆ ದಿನವೇ ಕಾರ್ನಿವಲ್ ಮಾಡ್ತಾರೆ. ಡಾನ್ ಕೊಂತೆ ಅನ್ನೋ ಡೊಳ್ಳು ಹೊಟ್ಟೆಯ ಗೊಂಬೆಯನ್ನು ಕತ್ತೆ ಗಾಡಿಯಲ್ಲಿ ಮೆರೆಸಿ, ಕತ್ತಲಾದ ಮೇಲೆ ಬೆಂಕಿ ಹಚ್ಚಿ ಎಸೆಯುತ್ತಾರೆ. ಅಲ್ಲಿ ಆಯೋಜಕರಿಲ್ಲ, ಬೇಲಿಯಿಲ್ಲ, ನೋಡುವವರು ಬೇರೆ, ಆಡುವವರು ಬೇರೆ ಅಂತಿಲ್ಲ. ಊರಿಗೆ ಕಾಲಿಟ್ಟವರ ಮುಖಕ್ಕೆಲ್ಲ ಮಸಿ. ಮೇಯರ್ ಆಗಲಿ, ಜರ್ಮನಿಯ ಪ್ರವಾಸಿ ಆಗಲಿ, ಬಿಡಲ್ಲ. ಅಪಾಯ ಏನಂದರೆ ಕುಡಿತ ಜಾಸ್ತಿ. ಮಧ್ಯಾಹ್ನ ಮೂರಕ್ಕೆಲ್ಲ ಮಗುವನ್ನು ಕರೆದುಕೊಂಡು ಹೊರಟುಬಿಡಿ. ಹಳೇ ಬಟ್ಟೆ ಹಾಕಿ, ಮಸಿ ಸುಲಭಕ್ಕೆ ಹೋಗಲ್ಲ. ಆದರೆ ಒಂದು ಊರಿನ ಎಲ್ಲರ ಮುಖವೂ ಕಪ್ಪಾಗಿರುವ ಬೀದಿಯಲ್ಲಿ ನಿಮ್ಮ ಮಗಳು ಒಂದು ಗಂಟೆ ಓಡಾಡಲಿ ಅಂತ ನನಗೆ ಆಸೆ. ಅವಳಿಗೆ ಮಸಿ ಬೇಡ ಅನಿಸಿದರೆ ಅವಳ ಮಾತೇ ಅಂತಿಮ. ಆಗ ಆ ಊರಿಗೆ ಹೋಗಲೇಬೇಡಿ, ಅಲ್ಲಿಗೆ ಹೋಗಿ ಬೇಡ ಅನ್ನೋಕೆ ಬರಲ್ಲ.

ದಾರಿ: ಒಲ್ಬಿಯಾ ವಿಮಾನ ನಿಲ್ದಾಣದಿಂದ ಮಾಮೊಯಾದಾಗೆ ಸುಮಾರು 120 ಕಿ.ಮೀ. ನಿಮ್ಮ ಕಾರಿನಲ್ಲೇ ಹೋಗುವುದಾದರೆ ಜೆನೋವಾದಿಂದ ರಾತ್ರಿ ಹಡಗು ಇದೆ. ಮೂರು ವರ್ಷವಾಗಿದೆ ಅಂದಿರಿ. ಅಲ್ಲಿ ನೆಲೆಸಿ ಒಂದು ವರ್ಷ ಕಳೆದರೆ ನಮ್ಮೂರ ಲೈಸೆನ್ಸ್ ನಡೆಯುವುದಿಲ್ಲ, ಅದು ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದೆ ಇರಬಹುದಾದ್ದು ಇದು: ಇಟಲಿಯ ಲೈಸೆನ್ಸ್ ಸಿಕ್ಕಿ ಮೂರು ವರ್ಷ ಆಗದವರು ಗಾಡಿ ಓಡಿಸುವಾಗ ರಕ್ತದಲ್ಲಿ ಮದ್ಯ ಸೊನ್ನೆ ಇರಬೇಕು. ಉಳಿದವರಿಗೆ ಮಿತಿ ಲೀಟರಿಗೆ 0.5 ಗ್ರಾಂ. ಮಾಮೊಯಾದಾದಲ್ಲಿ ಪ್ರತಿ ಬಾಗಿಲಲ್ಲೂ ಮನೆಯಲ್ಲೇ ಮಾಡಿದ ಕನ್ನೊನಾವ್ ವೈನ್ ಹಿಡಿದು ಕರೀತಾರೆ. ನಿಮ್ಮ ಯಜಮಾನರು ಕುಡಿಯುವವರಾದರೆ ಆ ರಾತ್ರಿ ಊರಲ್ಲೇ ಉಳಿಯಿರಿ. ಕುಡಿಯದವರಾದರೆ ಲೋಟ ತಗೊಂಡು ತುಟಿಗೆ ತಾಗಿಸಿದರೆ ಸಾಕು. ಲೋಟವನ್ನೇ ಬೇಡ ಅಂದರೆ ಅವರಿಗೆ ಬೇಜಾರು.

ಊಟದ ವಿಷಯಕ್ಕೆ ಕಿವಿಗೊಡಿ, ಇಲ್ಲಿ ಮೋಸ ಹೋಗುವುದು ಸುಲಭ. ಮಂಗಳವಾರ ಊರಿಗೆಲ್ಲ ಹಂಚುವುದು ಹಂದಿ ಕೊಬ್ಬು ಹಾಕಿ ಬೇಯಿಸಿದ ಅವರೆಯಂಥ ಕಾಳು. ಕಾಳು ಕಂಡು ಕೈ ಚಾಚಬೇಡಿ. ಸೆಯಾದಾ ಅಂತ ಒಂದು ತಿಂಡಿ ಇದೆ, ಒಳಗೆ ಚೀಸ್, ಮೇಲೆ ಜೇನು, ನೋಡಿದರೆ ನಮ್ಮ ಹೋಳಿಗೆಯನ್ನು ಕರಿದ ಹಾಗೆ. ಅದರ ಹಿಟ್ಟಿಗೂ ಹಂದಿ ಕೊಬ್ಬು ಕಲಸುವುದು ವಾಡಿಕೆ. ಕಾರ್ನಿವಲ್‌ನ ಕರಿದ ಸಿಹಿಗಳನ್ನು ಯಾವುದರಲ್ಲಿ ಕರಿದಿದ್ದಾರೆ ಅಂತ ಕೇಳಿಕೊಳ್ಳಿ. ‘ಸ್ಟ್ರುತ್ತೊ’ ಅನ್ನೋ ಪದ ಕಿವಿಗೆ ಬಿದ್ದರೆ ಅದು ಹಂದಿ ಕೊಬ್ಬು. ಕುರಿ ಹಾಲಿನ ಚೀಸ್ ಹೆಪ್ಪಾಗಿಸಲು ಕುರಿಮರಿಯ ಹೊಟ್ಟೆಯ ರಸ ಬಳಸುತ್ತಾರೆ, ಅದು ನಡೆಯುತ್ತಾ ಇಲ್ವಾ ಅನ್ನೋದು ನಿಮಗೆ ಬಿಟ್ಟದ್ದು. ಜೇನು, ಆಲಿವ್, ಬಾದಾಮಿ, ಹಣ್ಣು, ಇವೆಲ್ಲ ಧಾರಾಳ.

ಮತ್ತೆ ರೊಟ್ಟಿ. ಪಾನೆ ಕರಸಾವ್ ಅಂತಾರೆ. ತೆಳ್ಳಗೆ ಲಟ್ಟಿಸಿ, ಒಲೆಯಲ್ಲಿ ಪೂರಿಯಂತೆ ಉಬ್ಬಿಸಿ, ಎರಡು ಪದರ ಬಿಡಿಸಿ, ಮತ್ತೆ ಒಲೆಗೆ ಹಾಕಿ ಗರಿಗರಿ ಮಾಡುತ್ತಾರೆ. ಕುರಿ ಮೇಯಿಸಲು ತಿಂಗಳುಗಟ್ಟಲೆ ಗುಡ್ಡಕ್ಕೆ ಹೋಗುವವರಿಗೆ ಕೆಡದೆ ಉಳಿಯಲಿ ಅಂತ. ನಿಮ್ಮ ದಾವಣಗೆರೆ ಕಡೆಯ ಖಡಕ್ ರೊಟ್ಟಿ ಇಲ್ಲೇ ಇದೆಯಲ್ಲ ಅನಿಸುತ್ತದೆ. ಆತಿಥೇಯರ ಮನೆಗೆ ಏನು ಒಯ್ಯಲಿ ಅಂತ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಊರಿಂದ ಯಾರಾದರೂ ಬರುವವರಿದ್ದರೆ ಒಂದು ಕಟ್ಟು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ತರಿಸಿಕೊಳ್ಳಿ. ಅವರ ಮನೆಯ ಅಜ್ಜಿ ಅದನ್ನು ಮುರಿದು ನೋಡಿ ಹಿಟ್ಟು ಯಾವುದು ಅಂತ ಕೇಳದಿದ್ದರೆ ನನಗೆ ಬರೆಯಿರಿ.